ಮರಳಲ್ಲಿ ನಡೆಯುವ ಅಭ್ಯಾಸ

"ಇದರೊಳಗೆ ಎಂತ, ಕೆಂಪುಕಲ್ಲು ತುಂಬಿಸಿದ್ದೀಯಾ?"

ಚೆನ್ನಪ್ಪ ಹೆಂಡತಿಯ ಬೆನ್ನುಚೀಲವನ್ನು ಒಂದು ಕೈಯಲ್ಲಿ ಎತ್ತಿ ನೋಡಿದವನು, ಉತ್ತರಕ್ಕೂ ಕಾಯದೆ ಅದನ್ನು ತಲೆಕೆಳಗು ಮಾಡಿ ಚಾವಡಿಯ ನೆಲದ ಮೇಲೆ ಸುರಿದುಬಿಟ್ಟ. ಎರಡು ವಾಯಿಲ್ ಸೀರೆ, ಎರಡು ಸೇರು ಕುಚ್ಚಲಕ್ಕಿಯ ಬಟ್ಟೆಗಂಟು, ಉಪ್ಪಿನಕಾಯಿಯ ಭರಣಿ, ತಾಮ್ರದ ಚೊಂಬು, ಶಾಲೆಯ ದೊಡ್ಡ ಅಟ್ಲಾಸು, ಹಾರ್ಲಿಕ್ಸ್ ಬಾಟಲಿಯಲ್ಲಿ ತೆಂಗಿನೆಣ್ಣೆ. ಕೊನೆಗೆ ಒಂದು ಉದ್ದ ಹಿಡಿಯ ಕೊಡೆ ಟಣ್ಣನೆ ಬಿದ್ದು ಉರುಳಿತು.

"ಕೊಡೆ ಯಾಕೆ?"

"ಬಿಸಿಲಿಗೆ," ಎಂದಳು ನಳಿನಾಕ್ಷಿ.

"ಆ ಮರುಭೂಮಿಯಲ್ಲಿ ಒಮ್ಮೆ ಗಾಳಿ ಎದ್ದರೆ ಈ ಕೊಡೆ ಕರಾಚಿಗೆ ಹೋಗಿ ಬೀಳ್ತದೆ ಮಾರಾಯ್ತಿ. ಅದರ ಹಿಂದೆ ನೀನು. ಮತ್ತೆ ಈ ಕುಚ್ಚಲಕ್ಕಿ! ಇದು ಬೇಯಲಿಕ್ಕೆ ಎಷ್ಟು ನೀರು ಬೇಕು ಗೊತ್ತುಂಟಾ? ಒಂದು ದಿನ ಕುಡಿಯುವ ನೀರನ್ನು ಒಂದು ಹೊತ್ತಿನ ಗಂಜಿಗೆ ಸುರೀತೀಯಾ? ಅವಲಕ್ಕಿ ತಗೋ. ಹುರಿಹಿಟ್ಟು ಮಾಡು. ಬೆಲ್ಲ ಉಂಟಲ್ಲ ಮನೆಯಲ್ಲಿ?"

ಅವಳು ಗೋಡೆಗೆ ಒರಗಿ ನಿಂತು ಅವನನ್ನೇ ನೋಡಿದಳು. ಗಲ್ಫಿನಿಂದ ಬಂದು ಎರಡು ವರ್ಷ ದಾಟಿತ್ತು. ಆ ಎರಡು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅವಳ ನೆನಪಿನಲ್ಲಿರಲಿಲ್ಲ.

ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ತೊಡಗಿ ನಳಿನಾಕ್ಷಿಗೆ ಹದಿನಾರು ವರ್ಷವಾಗಿತ್ತು. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಹಂಚಿನ ಸಂದಿಯಿಂದ ಸೋರುವ ನೀರಿಗೆ ಬಕೆಟ್ ಇಟ್ಟು, ಅವಳು ಕರಿಹಲಗೆಯ ಮೇಲೆ ಹಳದಿ ಸೀಮೆಸುಣ್ಣದಿಂದ ಮರುಭೂಮಿ ಬಿಡಿಸುತ್ತಿದ್ದಳು. ಈ ವರ್ಷ, ಅಂದರೆ ಎಂಬತ್ತಮೂರರಲ್ಲಿ, ಡ್ರಿಲ್ ಟೀಚರ್ ಗ್ಲ್ಯಾಡಿಸ್ ಸ್ಟಾಫ್ ರೂಮಿಗೆ ಒಂದು ಚಾರಣ ಸಂಘದ ಕಾಗದ ತಂದಳು. ಕ್ರಿಸ್‌ಮಸ್ ರಜೆಯಲ್ಲಿ ಜೈಸಲ್ಮೇರಿನಿಂದ ಹೊರಟು ಆರು ದಿನ ಮರುಭೂಮಿಯಲ್ಲಿ ಕಾಲ್ನಡಿಗೆ, ಐದು ರಾತ್ರಿ ಡೇರೆಯಲ್ಲಿ. ಡೇರೆಯನ್ನು ಒಂಟೆ ಹೊರುತ್ತದೆ, ಉಳಿದದ್ದನ್ನೆಲ್ಲ ತಾವೇ ಹೊರಬೇಕು. ಆರು ಮಂದಿ ಹೆಂಗಸರಿದ್ದರೆ ಒಂದು ತಂಡ. ಮೂವತ್ತೊಂಬತ್ತು ವರ್ಷದ ನಳಿನಾಕ್ಷಿ, ತನ್ನ ಕೈ ತಾನಾಗಿ ಮೇಲೆದ್ದದ್ದು ಕಂಡು ತಾನೇ ಬೆರಗಾದಳು.

ಮನೆಯಲ್ಲಿ ಹೇಳಿದಾಗ ಚೆನ್ನಪ್ಪ ಮೊದಲು ನಕ್ಕಿದ್ದ. "ಅಲ್ಲಿಗೆ ಯಾರಾದರೂ ಮನಸ್ಸು ಮಾಡಿ ಹೋಗ್ತಾರಾ?" ಎಂದಿದ್ದ. ಅಲ್ಲಿಗೆ ಮಾತು ಮುಗಿದಿತ್ತು. ಒಂಬತ್ತು ವರ್ಷ ಅವನು ಯಾವುದೋ ಎಣ್ಣೆ ಸರ್ವೆಯ ಕ್ಯಾಂಪಿನಲ್ಲಿ ಮೆಕ್ಯಾನಿಕ್ ಆಗಿದ್ದ. ಈಗ ಮಂಗಳೂರಿನ ಬಂದರಿನ ಹತ್ತಿರ ದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ. ಊರವರಿಗೆಲ್ಲ ಅವನು ಟೇಪ್‌ರೆಕಾರ್ಡರ್ ತಂದದ್ದು ಗೊತ್ತಿತ್ತು, ಕಂಬಳಿ ತಂದದ್ದು ಗೊತ್ತಿತ್ತು. ಅಲ್ಲಿ ಏನಿತ್ತೆಂದು ಯಾರೂ ಕೇಳಿರಲಿಲ್ಲ. ನಳಿನಾಕ್ಷಿಗೂ ಅವನ ಕಾಗದಗಳಲ್ಲಿದ್ದಷ್ಟೇ ಗೊತ್ತು: ಇಲ್ಲಿ ಬಿಸಿಲು, ಮರಳು, ಬೇರೆ ಏನೂ ಇಲ್ಲ, ದಿನ ಎಣಿಸುತ್ತಿದ್ದೇನೆ. ಅವಳು ಆ ಕಾಗದಗಳನ್ನು ಓದಿ, ತನ್ನ ಗಂಡನ ಒಂಬತ್ತು ವರ್ಷವನ್ನು ನುಂಗಿದ ಆ ವಸ್ತುವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಳು. ಆ ಮಾತನ್ನು ಗ್ಲ್ಯಾಡಿಸಳಿಗೂ ಹೇಳಿರಲಿಲ್ಲ.

ಆದರೆ ನಕ್ಕು ಮೂರು ದಿನಕ್ಕೆ ಚೆನ್ನಪ್ಪ ತಾನಾಗಿಯೇ ಬಂದು ಅವಳ ಸಾಮಾನಿನ ಪಟ್ಟಿ ಕೇಳಿದ. ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಒಂದೊಂದೇ ಸಾಲಿಗೆ ಗೀಟು ಎಳೆದ. ಇವತ್ತು, ನವೆಂಬರ್ ತಿಂಗಳ ಮೊದಲ ಭಾನುವಾರ, ಚೀಲವನ್ನೇ ಬುಡಮೇಲು ಮಾಡಿ ಕೂತಿದ್ದ.

"ಬೂಟ್ಸ್ ಒಂದು ಸೈಜ್ ದೊಡ್ಡದು ತಗೋ. ಮಧ್ಯಾಹ್ನಕ್ಕೆ ಪಾದ ಊದ್ತದೆ. ಬೆಳಿಗ್ಗೆ ಹಾಕುವ ಮೊದಲು ಕೊಡವಬೇಕು, ಒಳಗೆ ಚೇಳು ಮಲಗಿರ್ತದೆ. ಸ್ವೆಟರ್ ಎಲ್ಲಿ?"

"ಮರುಭೂಮಿಗೆ ಸ್ವೆಟರಾ?"

"ನೀನು ಮಕ್ಕಳಿಗೆ ಎಂತ ಕಲಿಸ್ತೀ ಮಾರಾಯ್ತಿ? ಬೆಳಗಿನ ಜಾವಕ್ಕೆ ಹಲ್ಲು ಕಟಕಟ ಅಂತದೆ. ಮತ್ತೆ ಸೂರ್ಯ ಬರ್ತದೆ. ಆಗ ನೋಡಬೇಕು..." ಅವನು ನೆಲದ ಮೇಲಿದ್ದ ಅಟ್ಲಾಸನ್ನು ಎತ್ತಿಕೊಂಡು ಸುಮ್ಮನೆ ಹಾಳೆ ಮಗುಚಿದ.

ಅವಳು ಏನಾದರೂ ಹೇಳಬೇಕೆಂದು, "ಜೈಸಲ್ಮೇರ್ ಒಂದು ಕಾಲದಲ್ಲಿ ಸಮುದ್ರವಾಗಿತ್ತಂತೆ. ಪುಸ್ತಕದಲ್ಲಿ ಉಂಟು," ಎಂದಳು.

"ಬುಕ್ಕಲ್ಲಿ ಉಂಟಾ ಅದು?" ಚೆನ್ನಪ್ಪ ತಲೆ ಎತ್ತಿದ. ಕಣ್ಣುಗಳು ಅಗಲವಾಗಿದ್ದವು. "ನಾನು ಮುಟ್ಟಿದ್ದೇನೆ. ನಮ್ಮ ಕ್ಯಾಂಪಿನಿಂದ ಸಮುದ್ರಕ್ಕೆ ಇನ್ನೂರು ಮೈಲು. ಒಂದು ದಿವಸ ಗಾಡಿ ಕೆಟ್ಟಿತು, ಜ್ಯಾಕ್‌ನ ಅಡಿಗೆ ಇಡಲಿಕ್ಕೆ ಕಲ್ಲು ಹೆಕ್ಕಿದೆ. ನೋಡ್ತೇನೆ, ಕಲ್ಲಿನೊಳಗೆ ಮರುವಾಯಿ ಚಿಪ್ಪು! ನಮ್ಮ ಹೊಳೆಯ ಮರುವಾಯಿಯದ್ದೇ ಗೆರೆ, ಅದೇ ಬೆನ್ನು. ತೆಂಗಿನಕಾಯಿ ಹಾಕಿ ಸುಕ್ಕ ಮಾಡಲಿಕ್ಕೆ ಆಗುವ ಹಾಗೆ. ನಾನು ಅಲ್ಲೇ ಕೂತುಬಿಟ್ಟೆ. ಜ್ಯಾಕ್ ಮರೆತುಹೋಯ್ತು."

"ನೀವು ಇದನ್ನು ಬರೆಯಲೇ ಇಲ್ಲ."

"ಮರುವಾಯಿ ಕಂಡೆ ಅಂತ ಬರೆಯುವುದಾ?" ಎಂದು ಅವನು ಕೊಡೆಯನ್ನು ಎತ್ತಿ ಬಾಗಿಲ ಮೂಲೆಗೆ ಒರಗಿಸಿದ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರಿಬ್ಬರೂ ಕುದ್ರೋಳಿಗೆ ಅಬೂಬಕ್ಕರ್‌ನ ಮನೆಗೆ ಹೋದರು. ಅವನು ಚೆನ್ನಪ್ಪನ ಜೊತೆ ಅದೇ ಕ್ಯಾಂಪಿನಲ್ಲಿ ಡ್ರೈವರ್ ಆಗಿದ್ದವನು. ಕ್ಯಾನ್ವಾಸಿನ ನೀರಿನ ಚೀಲ ಅವನಲ್ಲಿ ಎರಡಿವೆ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕಾದು ಚಹಾ ಆಗುತ್ತದೆ, ಈ ಚೀಲವನ್ನು ಗಾಳಿಗೆ ತೂಗು ಹಾಕಿದರೆ ಬಾವಿಯ ನೀರಿನ ಹಾಗೆ ತಣ್ಣಗಾಗುತ್ತದೆ ಎಂದು ಚೆನ್ನಪ್ಪ ದಾರಿಯುದ್ದಕ್ಕೂ ಹೇಳಿದ್ದ.

ಅಬೂಬಕ್ಕರ್ ಚೀಲಗಳನ್ನು ಅಟ್ಟದಿಂದ ಇಳಿಸಿ, ಧೂಳು ಹೊಡೆದು, ಒಂದಕ್ಕೆ ನೀರು ತುಂಬಿಸಿ ಜಗಲಿಯ ಕೊಕ್ಕೆಗೆ ತೂಗು ಹಾಕಿದ. ಒಳಗಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಬಂತು.

"ಟೀಚರ್ ಮರುಭೂಮಿಗೆ ಹೋಗುವುದು ಒಳ್ಳೇದೇ ಆಯ್ತು," ಎಂದ ಅವನು. "ನಮಗೆ ಅದು ಜೈಲು. ಚೆನ್ನಪ್ಪಣ್ಣನಿಗೆ ಹಾಗೆ ಅಲ್ಲ. ಶುಕ್ರವಾರ ನಾವೆಲ್ಲ ನಿದ್ದೆ ಮಾಡಿದ್ರೆ ಇವರು ಅಲ್ಲಿ ಒಂಟೆ ಮೇಯಿಸುವ ಒಬ್ಬ ಮುದುಕನ ಜೊತೆ ನಡೀಲಿಕ್ಕೆ ಹೋಗುವುದು. ಎಪ್ಪತ್ತೊಂಬತ್ತರಲ್ಲಿ ಕ್ಯಾಂಪ್ ಮುಚ್ಚಿದಾಗ ನಮ್ಮ ಬ್ಯಾಚಿಗೆಲ್ಲ ಊರಿಗೆ ಟಿಕೆಟ್ ಬಂತಲ್ಲ, ನಾನು ಆವತ್ತು ಕುಣಿದದ್ದೇ ಕುಣಿದದ್ದು. ಚೆನ್ನಪ್ಪಣ್ಣ ಹೋಗಿ, ಅದೇ ಬಯಲಿನ ಆ ಕಡೆಯ ಕ್ಯಾಂಪಿಗೆ ಎರಡು ವರ್ಷಕ್ಕೆ ತನ್ನನ್ನು ಹಾಕಿ ಅಂತ ತಾನೇ ಕೇಳಿ ಬರೆಸಿಕೊಂಡ್ರು. ಸಾಹೇಬನೇ ಕೇಳಿದ, ನಿನಗೆ ಹುಚ್ಚಾ ಅಂತ."

ಅಬೂಬಕ್ಕರ್ ನಗುತ್ತಿದ್ದ. ಜೊತೆಗೆ ಯಾರೂ ನಗದಿರುವುದು ಅವನಿಗೆ ತಡವಾಗಿ ಗೊತ್ತಾಯಿತು. ತೂಗು ಹಾಕಿದ ಚೀಲದ ತಳದಲ್ಲಿ ನೀರು ಬೆವರಿನ ಹಾಗೆ ಒಸರುತ್ತಿತ್ತು. ನಳಿನಾಕ್ಷಿ ಲೋಟವನ್ನು ಕೆಳಗಿಟ್ಟು, "ಚಹಾ ಒಳ್ಳೆದಿತ್ತು," ಎಂದಳು.

ಶಕ್ತಿನಗರದಲ್ಲಿ ಬಸ್ಸಿಳಿದು ಮನೆಯ ಗುಡ್ಡ ಹತ್ತುವಾಗ, ಯಾರೋ ಹೊಸಮನೆಗೆ ಕಡಿಸಿ ಒಟ್ಟಿದ್ದ ಕಲ್ಲುಗಳ ಹತ್ತಿರ ಅವಳು ನಿಂತಳು.

"ಕಂಪೆನಿ ಬಿಡುವುದಿಲ್ಲ ಅಂತ ಬರೆದಿದ್ರಿ."

ಚೆನ್ನಪ್ಪ ಕ್ಯಾನ್ವಾಸ್ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಹೌದು. ಬರೆದಿದ್ದೆ."

"ಯಾಕೆ ಉಳಿದ್ರಿ? ಹಣಕ್ಕಾ?"

"ಅಲ್ಲ."

"ಮತ್ತೆ ಯಾರಿದ್ರು ಅಲ್ಲಿ?"

"ಯಾರೂ ಇರಲಿಲ್ಲ, ನಳಿನಿ." ಅವನು ಕಲ್ಲಿನ ಮೇಲೆ ಕೂತ. ಸಂಜೆ ನಾಲ್ಕರ ಬಿಸಿಲು ಅವನ ಮುಖಕ್ಕೆ ಹೊಡೆಯುತ್ತಿತ್ತು. "ಹೇಳಿದ್ರೆ ನಿನಗೆ ನಗು ಬರಬಹುದು. ಇಲ್ಲದಿದ್ರೆ ಸಿಟ್ಟು ಬರಬಹುದು. ಎಪ್ಪತ್ತೆಂಟರಲ್ಲಿ ಅಲ್ಲಿ ಒಂದು ರಾತ್ರಿ ಮಳೆ ಬಂತು. ಏಳು ವರ್ಷಕ್ಕೆ ಮೊದಲ ಸಲವಂತೆ. ನಮ್ಮೂರಲ್ಲಾದರೆ ಅದನ್ನು ಮಳೆ ಅಂತ ಯಾರೂ ಹೇಳುವುದಿಲ್ಲ. ಒಣಗಿಸಿದ ಬಟ್ಟೆ ತೆಗೀಲಿಕ್ಕೂ ಏಳುವುದಿಲ್ಲ. ನಾನು ಮರೆತೂಬಿಟ್ಟೆ. ಹದಿನೈದು ಇಪ್ಪತ್ತು ದಿನ ಆಗಿರಬೇಕು, ಶುಕ್ರವಾರ ಬೆಳಿಗ್ಗೆ ಆ ಮುದುಕ ಬಂದ. ಅವನ ಭಾಷೆ ನನಗೆ ಅರ್ಧ ಬರ್ತದೆ. ನನ್ನ ಮಣಿಗಂಟು ಹಿಡಿದು ಎಳೆದ. ಜೀಪಿನಲ್ಲಿ ಒಂದು ಗಂಟೆ ಹೋಗಿ, ಮತ್ತೆ ನಡೆದು ಒಂದು ದಿಬ್ಬ ಹತ್ತಿದೆವು. ನಾನು ಎಷ್ಟೋ ಸಲ ನೋಡಿದ ಬಯಲೇ ಅದು. ಸುಟ್ಟ ಕಾವಲಿಯ ಹಾಗಿದ್ದ ಬಯಲು."

ಅವನು ಕೈ ಎತ್ತಿ ಎದುರಿನ ಕಣಿವೆಯ ಕಡೆ, ಅದರಾಚೆಯ ಮನೆಗಳ ಕಡೆ, ಎಲ್ಲದರ ಕಡೆ ಒಮ್ಮೆ ಚಾಚಿದ.

"ಹಳದಿ. ಕಣ್ಣು ಹೋದಷ್ಟು ದೂರ ಹೂವು. ಒಂದೊಂದು ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಗಾಳಿ ಬಂದ್ರೆ ಇಡೀ ನೆಲ ಅತ್ತ ಹೋಗ್ತದೆ, ಇತ್ತ ಬರ್ತದೆ. ಕಾಲಿಡಲಿಕ್ಕೆ ಹೆದರಿಕೆ. ನಾನು ಬೂಟ್ಸ್ ಬಿಚ್ಚಿದೆ. ನೋಡಿದ್ರೆ ಮುದುಕನೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡಿದ್ದಾನೆ. ಅವನ ದೇವರು ಬೇರೆ, ನನ್ನದು ಬೇರೆ. ಇಬ್ಬರೂ ಬರಿಗಾಲಲ್ಲಿ ನಿಂತೆವು. ಎಷ್ಟು ಹೊತ್ತು ನಿಂತೆವು ಗೊತ್ತಿಲ್ಲ. ಎರಡು ವಾರದಲ್ಲಿ ಎಲ್ಲ ಒಣಗಿ ಹಾರಿಹೋಯ್ತು. ಮುದುಕ ಮಣ್ಣು ಕೆರೆದು ತೋರಿಸಿದ. ಬೀಜ ಒಳಗೇ ಉಂಟು, ಇನ್ನೊಮ್ಮೆ ಮಳೆ ಬಂದ್ರೆ ಇನ್ನೊಮ್ಮೆ ಬರ್ತದೆ ಅಂದ. ಟಿಕೆಟ್ ಬಂದಾಗ ನನಗೆ ಅದೇ ತಲೆಯಲ್ಲಿ. ಇನ್ನೊಂದು ಸಲ ನೋಡಿ ಹೋಗುವ ಅಂತ. ಬೇರೆ ಎಂತ ಕಾರಣವೂ ಇಲ್ಲ."

ನಳಿನಾಕ್ಷಿಗೆ ನಗು ಬರಲಿಲ್ಲ. ಆ ಎರಡು ವರ್ಷ ಅವಳ ಕಣ್ಣ ಮುಂದೆ ಬಂದು ನಿಂತಿತು. ಎಂಬತ್ತರ ಜೂನ್‌ನಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿದದ್ದು. ಹದಿನಾಲ್ಕು ತಿಂಗಳು ಮುದುಕಿಯನ್ನು ಮಗ್ಗುಲು ಬದಲಾಯಿಸಿ, ತೊಳೆದು, ಉಣ್ಣಿಸಿ, ಒಂಬತ್ತೂವರೆಗೆ ಶಾಲೆಗೆ ಓಡಿದ್ದು. ಮಳೆಗಾಲದಲ್ಲಿ ಒಣಗದ ಬಟ್ಟೆಗಳನ್ನು ಒಲೆಯ ಮೇಲೆ ಹರಡಿದ್ದು. "ಚೆನ್ನ ಬಂದನಾ?" ಎಂದು ಸೊಟ್ಟಬಾಯಿಯಲ್ಲಿ ಕೇಳುತ್ತಲೇ ಮಳೆ ಸುರಿಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಅತ್ತೆ ತೀರಿಕೊಂಡದ್ದು. ತಂತಿ ತಲುಪಿ ಅವನು ಬರುವಾಗ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

"ನಾನಿಲ್ಲಿ ಅತ್ತೆಯ ಬೆನ್ನಿನ ಹುಣ್ಣು ತೊಳೆಯುವಾಗ," ಎಂದಳು ಅವಳು, "ನೀವಲ್ಲಿ ಹೂ ಬಿಡುವುದನ್ನು ಕಾಯ್ತಾ ಕೂತಿದ್ರಾ?"

"ನೀನು ಬರೆದಿದ್ದೆಯಲ್ಲ," ಎಂದ ಚೆನ್ನಪ್ಪ, ಕೇಳಿಯೂ ಕೇಳದಷ್ಟು ಮೆಲ್ಲಗೆ. "ಅಮ್ಮನಿಗೆ ಸ್ವಲ್ಪ ಕಾಲುನೋವು, ಬೇರೆ ಎಲ್ಲ ಸೌಖ್ಯ ಅಂತ."

"ಮತ್ತೆ ಎಂತ ಬರೆಯಬೇಕಿತ್ತು? ಬಿಸಿಲು, ಮರಳು, ದಿನ ಎಣಿಸ್ತಿದ್ದೇನೆ ಅಂತ ಬರೆಯುವ ಮನುಷ್ಯನಿಗೆ?"

ಅವಳು ಗುಡ್ಡ ಹತ್ತಿ ಹೋದಳು. ಹಿಂದೆ ಅವನ ಹೆಜ್ಜೆ ಕೇಳಲಿಲ್ಲ.

ಮುಂದಿನ ನಾಲ್ಕು ದಿನ ಊಟದ ತಟ್ಟೆಯ ಸದ್ದು ಬಿಟ್ಟರೆ ಮನೆಯಲ್ಲಿ ಮಾತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಸ್ವರ್ಣಲತಾ ಇಬ್ಬರ ಮುಖವನ್ನೂ ನೋಡಿ ತನ್ನ ಪಾಡಿಗೆ ಇದ್ದಳು. ಚೀಲದ ಸಾಮಾನುಗಳು ಚಾವಡಿಯ ಮೂಲೆಯಲ್ಲಿ ಹಾಗೆಯೇ ಬಿದ್ದಿದ್ದವು. ಸೋಮವಾರ ಗ್ಲ್ಯಾಡಿಸ್, "ಭಾನುವಾರ ತಣ್ಣೀರುಬಾವಿ ಬೀಚಿನಲ್ಲಿ ಅಭ್ಯಾಸ. ನಿಮ್ಮ ಸರ್ ಕಲಿಸಲಿಕ್ಕೆ ಬರ್ತಾರೆ ಅಲ್ವಾ?" ಎಂದಾಗ ನಳಿನಾಕ್ಷಿ, ತಾನು ಬರುವುದೇ ಅನುಮಾನ ಎಂದುಬಿಟ್ಟಳು. ಅವಳಿಗೆ ಸಿಟ್ಟು ಇದ್ದದ್ದು ಅವನು ಸುಳ್ಳು ಬರೆದದ್ದಕ್ಕೋ, ಅಥವಾ ತಾನು ಕನಿಕರಪಟ್ಟ ಆ ಒಂಬತ್ತು ವರ್ಷಗಳಲ್ಲಿ ಅವನು ಅಷ್ಟೊಂದು ಸಂತೋಷವಾಗಿದ್ದದ್ದಕ್ಕೋ, ಅವಳಿಗೇ ತಿಳಿಯಲಿಲ್ಲ.

ಬುಧವಾರ ಎರಡನೆಯ ಪೀರಿಯಡ್ಡು ಒಂಬತ್ತನೆಯ ತರಗತಿ. ಪರೀಕ್ಷೆಗೆಂದು ಹಳೆಯ ಪಾಠ ಮತ್ತೆ ಬರೆಸುವ ದಿನ. ಅವಳು ಹಳದಿ ಸೀಮೆಸುಣ್ಣದಿಂದ ನಕ್ಷೆ ಬಿಡಿಸಿ, ಹದಿನಾರು ವರ್ಷದಿಂದ ಬರೆಸುತ್ತ ಬಂದ ಟಿಪ್ಪಣಿಯನ್ನೇ ಹೇಳತೊಡಗಿದಳು. "ಮಳೆ ಇಲ್ಲದ ಕಾರಣ ಇಲ್ಲಿ ಏನೂ..." ಎಂದವಳು ನಿಂತಳು.

"ಇಲ್ಲಿ ಏನೂ ಬೆಳೆಯುವುದಿಲ್ಲ ಅಂತ ಬರೆಯುವುದಾ ಟೀಚರ್?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಬೇಡ," ಎಂದಳು ನಳಿನಾಕ್ಷಿ. "ಆ ಸಾಲು ಬಿಡಿ. ಪೆನ್ನು ಕೆಳಗಿಡಿ."

ಆಮೇಲೆ ಅವಳು ಹೇಳಿದಳು. ಯಾರು ನೋಡಿದ್ದೆಂದು ಹೇಳಲಿಲ್ಲ. ಏಳು ವರ್ಷ ಒಣಮಣ್ಣಿನಡಿಯಲ್ಲಿ ಬೀಜ ಮಲಗಿದ್ದನ್ನು ಹೇಳಿದಳು, ಬಟ್ಟೆ ತೆಗೆಯಲೂ ಏಳದಷ್ಟು ಸಣ್ಣ ಮಳೆಯನ್ನು ಹೇಳಿದಳು, ಕಾವಲಿಯಂಥ ಬಯಲು ಹಳದಿಯಾಗಿ ಅತ್ತ ಇತ್ತ ತೂಗಿದ್ದನ್ನು, ಬೇರೆ ಬೇರೆ ದೇವರ ಇಬ್ಬರು ಗಂಡಸರು ಚಪ್ಪಲಿ ಬಿಚ್ಚಿ ನಿಂತದ್ದನ್ನು ಹೇಳಿದಳು. ಐವತ್ತು ಹುಡುಗಿಯರ ತರಗತಿಯಲ್ಲಿ ಒಂದು ಬೆಂಚೂ ಕಿರುಗುಟ್ಟಲಿಲ್ಲ. ಹಿಂದಿನಿಂದ ಯಾರೋ, "ಏಳು ವರ್ಷವಾ ಟೀಚರ್?" ಎಂದರು. ಆ ದನಿಯಲ್ಲಿದ್ದದ್ದು ಪ್ರಶ್ನೆಯಲ್ಲ, ಬೆರಗು. ನಳಿನಾಕ್ಷಿ ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ಸುಣ್ಣದ ಪುಡಿ ಹೋದವಳಂತೆ ಸೆರಗಿನಿಂದ ಒರೆಸಿಕೊಂಡಳು.

ಆ ಸಂಜೆ ಅವಳು ಹುರಿಹಿಟ್ಟಿಗೆ ಅಕ್ಕಿ ಹುರಿದಳು. ಚೆನ್ನಪ್ಪ ರಿಪೇರಿ ಅಂಗಡಿಯಿಂದ ಬಂದವನು ಪರಿಮಳಕ್ಕೆ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಚಾವಡಿಗೆ ಹೋಗಿ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ, ಭಾರದ್ದು ಬೆನ್ನಿಗೆ ತಾಗುವ ಹಾಗೆ, ಹಗುರದ್ದು ಹೊರಗೆ.

ಭಾನುವಾರ ಬೆಳಕು ಹರಿಯುವಾಗ ಆರು ಮಂದಿ ಹೆಂಗಸರು ಬೆನ್ನುಚೀಲ ಹೊತ್ತು ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿ ಹತ್ತಿದರು. ಹೊಳೆ ದಾಟಿ, ಗಾಳಿಮರಗಳ ನಡುವೆ ಹಾದು ಹೋದರೆ ತಣ್ಣೀರುಬಾವಿಯ ಮರಳು. ಚೆನ್ನಪ್ಪ ಪ್ಯಾಂಟು ಮಡಚಿ ಮುಂದೆ ನಡೆದ.

"ಮರಳನ್ನು ದೂಡಬಾರದು. ದೂಡಿದ್ರೆ ಅದೂ ನಿಮ್ಮನ್ನು ಹಿಂದೆ ದೂಡ್ತದೆ. ಇಡೀ ಪಾದ ಇಡಿ, ಮೆಲ್ಲ. ಅವಸರ ಮಾಡುವವರು ಅಲ್ಲಿ ಮೊದಲ ದಿನವೇ ಮುಗೀತಾರೆ."

ಅರ್ಧ ಗಂಟೆಯಲ್ಲಿ ಎಲ್ಲರ ರವಿಕೆಯೂ ಬೆವರಿನಲ್ಲಿ ತೊಯ್ದಿತ್ತು. ಒಂದು ಗಂಟೆಯಲ್ಲಿ ನಗು, ಹರಟೆ ನಿಂತಿತು. ದೂರದಲ್ಲಿ ಮೊಗವೀರರು ಬಲೆ ಎಳೆಯುತ್ತಿದ್ದರು. ಗ್ಲ್ಯಾಡಿಸ್ ಏದುಸಿರು ಬಿಡುತ್ತ, "ಸರ್, ನೀವೂ ಬಂದುಬಿಡಿ. ನಾನು ಸಂಘದವರಿಗೆ ಬರೆದು ಕೇಳ್ತೇನೆ," ಎಂದಳು.

"ಇಲ್ಲ ಟೀಚರ್. ನಾನು ನೋಡಿ ಆಗಿದೆ. ಇದು ನಳಿನಿ ನೋಡುವುದು," ಎಂದ ಚೆನ್ನಪ್ಪ.

ಬಿಸಿಲೇರಿದಾಗ ಉಳಿದವರು ಗಾಳಿಮರದ ನೆರಳಿಗೆ ಹೋಗಿ ಕೂತರು. ನಳಿನಾಕ್ಷಿ ಮಾತ್ರ ಚೀಲ ಇಳಿಸಿ ಮರಳಿನ ಮೇಲೆ ನಿಂತಿದ್ದಳು. ಚೆನ್ನಪ್ಪ ಕ್ಯಾನ್ವಾಸ್ ಚೀಲ ತಂದು ಕೊಟ್ಟ. ನೀರು ಬಾವಿಯಿಂದ ಆಗತಾನೆ ಸೇದಿದಂತಿತ್ತು. ಅವಳು ಕುಡಿದು, ಬಾಯಿ ಒರೆಸಿಕೊಂಡು, ಎಂಟು ದಿನದಲ್ಲಿ ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು.

"ಮತ್ತೆ ಮಳೆ ಬಂತಾ?"

ಅವನಿಗೆ ಯಾವ ಮಳೆ ಎಂದು ಕೇಳಬೇಕಾಗಲಿಲ್ಲ. "ಇಲ್ಲ," ಎಂದ. "ಎರಡು ವರ್ಷವೂ ಬರಲಿಲ್ಲ."

ಎರಡು ವರ್ಷ ಮೋಡ ನೋಡುತ್ತ ಕೂತ ಒಬ್ಬ ಮಂಗಳೂರಿನ ಮನುಷ್ಯ. ಅದೇ ಎರಡು ವರ್ಷ ಒಲೆಯ ಮೇಲೆ ಒದ್ದೆಬಟ್ಟೆ ಒಣಗಿಸುತ್ತಿದ್ದ ಒಬ್ಬ ಹೆಂಗಸು. ಅವನ ಕಿವಿಯ ಹತ್ತಿರ ಕೂದಲು ಎಷ್ಟು ಬೆಳ್ಳಗಾಗಿದೆ ಎಂದು ಅವಳು ಆಗಷ್ಟೇ ಕಂಡಳು.

"ಅಲ್ಲಿ ಹೇಗಿರ್ತದೆ?" ಎಂದು ಕೇಳಿದಳು. "ಹೂವಿನ ವಿಷಯ ಅಲ್ಲ. ಬರೀ ಮರಳು ಇರುವಾಗ."

ಚೆನ್ನಪ್ಪ ಸುತ್ತ ನೋಡಿ ತಲೆಯಾಡಿಸಿದ. "ಇಲ್ಲಿ ಹೇಗೆ ಹೇಳುವುದು? ಇಲ್ಲಿ ಸಮುದ್ರ ಬಾಯಿ ಮುಚ್ಚುವುದಿಲ್ಲ. ಅಲ್ಲಿ ಸದ್ದು ಅಂತ ಇಲ್ಲವೇ ಇಲ್ಲ. ಮೊದಲು ಹೆದರಿಕೆ ಆಗ್ತದೆ. ಮತ್ತೆ ನಿನ್ನದೇ ರಕ್ತ ಓಡುವುದು ಕೇಳ್ತದೆ. ನಿಲ್ಲು."

ಅವನು ಅವಳ ಹಿಂದೆ ಬಂದು ನಿಂತ. ಗಾಳಿಮರದ ಕೆಳಗೆ ಐವರು ಹೆಂಗಸರು ನೋಡುತ್ತಿದ್ದರು, ಬಲೆ ಎಳೆಯುವವರಲ್ಲೂ ಒಬ್ಬಿಬ್ಬರು ತಲೆ ತಿರುಗಿಸಿದ್ದರು. ಎಂಜಿನ್ ಎಣ್ಣೆಯ ವಾಸನೆಯ, ಒರಟು ಅಂಗೈಗಳೆರಡನ್ನು ಚೆನ್ನಪ್ಪ ಅವಳ ಕಿವಿಗಳ ಮೇಲೆ ಮೆಲ್ಲನೆ ಇಟ್ಟು ಮುಚ್ಚಿದ.

ಸಮುದ್ರ ನಿಂತುಹೋಯಿತು. ಅವಳೆದುರು ಆಳೆತ್ತರದ ಅಲೆಯೊಂದು ಬಾಗಿ, ಮುರಿದು, ಬೆಳ್ಳಗೆ ಹರಡಿಕೊಂಡು, ಸದ್ದೇ ಇಲ್ಲದೆ ಮರಳಿನೊಳಗೆ ಇಳಿಯಿತು.